ಕುಪ್ಪಳಿಯ ಕವಿಮನೆ, ಸಕ್ರೆಬೈಲಿನ ಆನೆ, ಮಂಡಗದ್ದೆಯ ಹಕ್ಕಿ: ಬೆಂಗಳೂರಿನಿಂದ ಎರಡು ದಿನದ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಕುಪ್ಪಳಿಗೆ ಹೊರಟವರು ದಾರಿಯಲ್ಲೇ ಸಿಗುವ ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ, ವೀಕ್ಷಣಾ ಗೋಪುರ ಹತ್ತಿ, ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯನ್ನು ನೋಡಿ, ‘ಎಲ್ರೀ ಹಕ್ಕಿ?’ ಎಂದು ಕೇಳಿ ಇಳಿದುಬಿಡುತ್ತಾರೆ. ಅಷ್ಟು ಹೊತ್ತಿಗೆ ಹಕ್ಕಿಗಳ ಬಾಣಂತನ ಮುಗಿದು, ಮರಿಗಳಿಗೆ ರೆಕ್ಕೆ ಬಲಿತು, ಎಲ್ಲವೂ ಜಾಗ ಖಾಲಿ ಮಾಡಿರುತ್ತವೆ. ಅದಕ್ಕೂ ಮೊದಲು ಆನೆ ಬಿಡಾರವಿರುವ ಸಕ್ರೆಬೈಲಿಗೆ ಮಧ್ಯಾಹ್ನ ಹೋದವರಿಗೆ ಸಿಗುವುದು ಲದ್ದಿ ಮತ್ತು ಖಾಲಿ ದಂಡೆ. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಇಳಿಹೊತ್ತಿನಲ್ಲಿ ಓಡೋಡಿ ಹೋದವರಿಗೆ ಇಪ್ಪತ್ತು ನಿಮಿಷದ ದರ್ಶನ. ಮೂರೂ ಒಂದೇ ದಾರಿಗೆ ಹೊಂದಿಕೊಂಡಿವೆ, ನಿಜ. ಆದರೆ ಮೂರಕ್ಕೂ ಬೇರೆ ಬೇರೆ ಗಡಿಯಾರ. ಆನೆಗೆ ಬೆಳಗ್ಗೆ, ಹಕ್ಕಿಗೆ ಮಳೆಗಾಲ ಮತ್ತು ಸಂಜೆ, ಮನೆಗೆ ಅರ್ಧ ದಿನದ ಪುರುಸೊತ್ತು. ಈ ಲೆಕ್ಕ ಹೊಂದಿಸಿಕೊಂಡರೆ ಎರಡು ದಿನ ಸಾಕು.

ಮೊದಲು ತಿಂಗಳು, ಆಮೇಲೆ ಟಿಕೆಟ್

ಮಂಡಗದ್ದೆಯ ನಡುಗಡ್ಡೆ ಇರುವುದೇ ಸುಮಾರು 1.14 ಎಕರೆ. ಮಳೆ ಹಿಡಿದ ಮೇಲೆ ಹಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಗೂಡು, ಮೊಟ್ಟೆ, ಮರಿ ಎಲ್ಲವೂ ಕಾಣುತ್ತವೆ. ಜುಲೈ, ಆಗಸ್ಟಿನಲ್ಲಿ ಹಕ್ಕಿ ಹೇರಳವಾಗಿದ್ದರೂ ಮಳೆ ಹೊಡೆತಕ್ಕೆ ದುರ್ಬೀನಿನ ಗಾಜು ಒರೆಸುವುದರಲ್ಲೇ ಹೊತ್ತು ಹೋಗುತ್ತದೆ. ಕುಪ್ಪಳಿಯ ಕಾಲುದಾರಿಯಲ್ಲಿ ಇಂಬಳದ (ಜಿಗಣೆಯ) ಕಾಟ ಬೇರೆ. ನವೆಂಬರ್ ದಾಟಿದರೆ ದಾರಿ ಒಣಗಿರುತ್ತದೆ, ಆದರೆ ಗೂಡು ಬರಿದು.

ಆದ್ದರಿಂದ ನಮ್ಮ ಆಯ್ಕೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ. ಮರಿಗಳು ದೊಡ್ಡವಾಗಿ ಗೂಡಿನ ಅಂಚಿಗೆ ಬಂದು ನಿಂತು ರೆಕ್ಕೆ ಬಡಿಯುವ ಹೊತ್ತು ಅದು. ತುಂಗೆ ತುಂಬಿ ಹರಿಯುತ್ತಿರುತ್ತಾಳೆ, ಗದ್ದೆ ಹಸಿರಾಗಿರುತ್ತದೆ, ಮಳೆ ಬಂದರೂ ಬಿಟ್ಟು ಬಿಟ್ಟು ಬರುತ್ತದೆ. ದಸರಾ ರಜೆಯೂ ಹೆಚ್ಚುಕಡಿಮೆ ಆಗಲೇ ಬೀಳುವುದರಿಂದ ಮಕ್ಕಳಿದ್ದವರಿಗೆ ಅನುಕೂಲ. ಆದರೆ ರೈಲು ಟಿಕೆಟ್ಟಿಗೆ ಆ ವಾರ ನೂಕುನುಗ್ಗಲು, ಬುಕಿಂಗ್ ತೆರೆದ ದಿನವೇ ಕಾದಿರಿಸಿ.

ಎರಡು ಹೊತ್ತನ್ನು ಬಿಟ್ಟುಬಿಡಿ. ಒಂದು, ಡಿಸೆಂಬರ್ 29. ಅದು ಕುವೆಂಪು ಜನ್ಮದಿನ, ಸರ್ಕಾರ ವಿಶ್ವಮಾನವ ದಿನವೆಂದು ಆಚರಿಸುತ್ತದೆ. ಕಾರ್ಯಕ್ರಮಕ್ಕೆಂದೇ ಬರುವವರಿಗೆ ಅದು ಸರಿ, ಮನೆಯನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಅಲ್ಲ. ಇನ್ನೊಂದು, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ. ಅದೂ ಡಿಸೆಂಬರ್-ಜನವರಿಯಲ್ಲೇ ಬರುತ್ತದೆ. ಆಗ ಊರಿನ ಲಾಡ್ಜುಗಳಲ್ಲಿ ರೂಮು ಸಿಗುವುದು ಕಷ್ಟ, ತುಂಗಾ ಸೇತುವೆಯ ಆಸುಪಾಸು ಗಾಡಿ ಇರುವೆಯಂತೆ ಸಾಗುತ್ತದೆ.

ಬೆಂಗಳೂರು ಬಿಡುವುದು

ಬೆಂಗಳೂರಿನಿಂದ ಶಿವಮೊಗ್ಗ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಅಲ್ಲಿಂದ ತೀರ್ಥಹಳ್ಳಿ ಇನ್ನೂ 60 ಕಿ.ಮೀ. ಚಿಲ್ಲರೆ, ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆಯಲ್ಲಿ ಕುಪ್ಪಳಿ ಸುಮಾರು 18 ಕಿ.ಮೀ. ಈ ಪ್ರವಾಸಕ್ಕೆ ರಾತ್ರಿ ರೈಲೇ ಎಲ್ಲಕ್ಕಿಂತ ಒಳ್ಳೆಯದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ ರಾತ್ರಿ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಿಂದ ಹೊರಟು ನಸುಕಿಗೇ ಶಿವಮೊಗ್ಗ ಮುಟ್ಟಿಸುತ್ತದೆ. ನಿದ್ದೆ ಆಗಿರುತ್ತದೆ, ಆನೆಯ ಹೊತ್ತಿಗೆ ಮೂರ್ನಾಲ್ಕು ಗಂಟೆ ಕೈಯಲ್ಲಿರುತ್ತದೆ. ನಸುಕಿನಲ್ಲಿ ಇಳಿಯಬೇಕಾದ್ದರಿಂದ ಮೊಬೈಲಿನಲ್ಲಿ ಅಲಾರಾಂ ಇಟ್ಟು ಮಲಗಿ. ನಿದ್ದೆಗಣ್ಣಿನಲ್ಲಿ ಮುಂದಕ್ಕೆ ಹೋಗಿ ಸಾಗರದಲ್ಲಿ ಇಳಿಯುವವರು ಇದ್ದೇ ಇರುತ್ತಾರೆ.

ಶಿವಮೊಗ್ಗದಲ್ಲಿ ಇಳಿದು ಮುಖ ತೊಳೆದು ತಿಂಡಿ ಮುಗಿಸಿ, ಎರಡು ದಿನಕ್ಕೂ ಒಂದೇ ಟ್ಯಾಕ್ಸಿ ಮಾತಾಡಿಕೊಳ್ಳಿ. ಮಾತಾಡುವಾಗಲೇ ‘ಸಕ್ರೆಬೈಲು, ತೀರ್ಥಹಳ್ಳಿ, ಕವಿಶೈಲ ಗುಡ್ಡದ ಮೇಲಿನವರೆಗೆ, ರಾತ್ರಿ ಹಾಲ್ಟ್, ಬರುವಾಗ ಮಂಡಗದ್ದೆಯಲ್ಲಿ ಒಂದೂವರೆ ಗಂಟೆ’ ಎಂದು ಬಿಡಿಬಿಡಿಸಿ ಹೇಳಿ. ಕೊನೆಯದನ್ನು ಹೇಳದಿದ್ದರೆ ಡ್ರೈವರ್ ಮಂಡಗದ್ದೆಗೆ ಹತ್ತು ನಿಮಿಷ ಲೆಕ್ಕ ಹಾಕಿರುತ್ತಾರೆ.

ಬಸ್ಸಿನಲ್ಲೇ ಮಾಡುತ್ತೇವೆ ಎನ್ನುವವರಿಗೂ ತೊಂದರೆಯಿಲ್ಲ. ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಬಸ್ಸುಗಳು ಓಡಾಡುತ್ತಲೇ ಇರುತ್ತವೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲವೂ ಅದೇ ರಸ್ತೆಯ ಮೇಲಿವೆ. ಆದರೆ ತಡೆರಹಿತ ಬಸ್ ಹತ್ತಿಬಿಟ್ಟರೆ ಸಕ್ರೆಬೈಲಿನಲ್ಲಿ ನಿಲ್ಲಿಸದೆ ಹೋಗಬಹುದು, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಯ ಬಸ್ಸು ಕುಪ್ಪಳಿಗೆ ಆಗುತ್ತದೆ. ವಾಪಸ್ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ, ಸಂಜೆಯಾದ ಮೇಲೆ ರಸ್ತೆಬದಿಯಲ್ಲಿ ಕೇಳಲು ಜನ ಸಿಗುವುದಿಲ್ಲ.

ಸ್ವಂತ ಕಾರಿನವರು ಬೆಳಗಿನ ಜಾವ ಮೂರೂವರೆಗೆ ಮನೆ ಬಿಡಬೇಕು. ಗೊರಗುಂಟೆಪಾಳ್ಯ, ನೆಲಮಂಗಲ ದಾಟುವುದೇ ಮೊದಲ ಪರೀಕ್ಷೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗ. ಆರಕ್ಕೆ ಹೊರಟರೆ ಆ ದಿನದ ಆನೆ ತಪ್ಪಿತೆಂದೇ ಲೆಕ್ಕ. ಪೆಟ್ರೋಲನ್ನು ತೀರ್ಥಹಳ್ಳಿಯಲ್ಲೇ ತುಂಬಿಸಿ, ಕುಪ್ಪಳಿ ಭಾಗದ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಾಡಿನ ತಿರುವುಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಮೊದಲ ಬೆಳಗ್ಗೆ: ಸಕ್ರೆಬೈಲು

ಶಿವಮೊಗ್ಗದಿಂದ 14 ಕಿ.ಮೀ. ಗಾಜನೂರಿನ ತುಂಗಾ ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರ ಇದೆ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತ-ಕಾವಾಡಿಗಳು ಬೆಳಗ್ಗೆ ಹುಡುಕಿ ತಂದು, ನೀರಿಗಿಳಿಸಿ ಉಜ್ಜಿ ತೊಳೆದು, ತಿನ್ನಿಸಿ, ಮತ್ತೆ ಕಾಡಿಗೆ ಅಟ್ಟುತ್ತಾರೆ. ಹಾಗಾಗಿ ನೋಡುವುದೇನಿದ್ದರೂ ಎಂಟೂವರೆಯಿಂದ ಹನ್ನೊಂದರ ಒಳಗೆ.

ಒಂಬತ್ತಕ್ಕೆ ದಂಡೆಯಲ್ಲಿದ್ದರೆ ಸ್ನಾನ ಸಿಗುತ್ತದೆ. ಆನೆ ನೀರಿನಲ್ಲಿ ಮಗ್ಗುಲಾಗಿ ಮಲಗುತ್ತದೆ, ಸೊಂಡಿಲ ತುದಿಯೊಂದೇ ಮೇಲಕ್ಕೆ. ಕಾವಾಡಿ ಕಿವಿಯ ಹಿಂಭಾಗ, ಕಾಲುಗುರಿನ ಸಂದು ಉಜ್ಜುವಾಗ ಗಮನಿಸಿ: ಅಲ್ಲೇ ಮುಳ್ಳು, ಗಾಯ, ಉಣ್ಣೆಹುಳು ಸಿಕ್ಕಿಕೊಳ್ಳುವುದು. ಸ್ನಾನವೇ ದಿನದ ತಪಾಸಣೆ. ಆನೆಗೆ ನೀವಾಗಿ ಬಾಳೆಹಣ್ಣು, ಬಿಸ್ಕತ್ತು ಕೊಡಬೇಡಿ. ಮರಿಯ ಮತ್ತು ತಾಯಿಯ ನಡುವೆ ಸೆಲ್ಫಿಗೆ ನುಗ್ಗಬೇಡಿ. ಮಾವುತ ‘ಹಿಂದೆ ಸರೀರಿ’ ಎಂದರೆ ಯಾಕೆ ಎಂದು ಕೇಳದೆ ಸರಿಯಿರಿ. ದಂಡೆಯ ಮಣ್ಣು ಎಣ್ಣೆ ಹಚ್ಚಿದಂತೆ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿ.

ಸಕ್ರೆಬೈಲು, ಮಂಡಗದ್ದೆ ಎರಡೂ ಶೆಟ್ಟಿಹಳ್ಳಿ ವನ್ಯಜೀವಿ ಧಾಮದ ನೆರಳಿನಲ್ಲಿವೆ. 1974ರಲ್ಲಿ ಘೋಷಣೆಯಾದ ಧಾಮ ಅದು. ರಸ್ತೆಬದಿ ಕಂಡಲ್ಲೆಲ್ಲ ಇಳಿದು ಕಾಡೊಳಗೆ ನಡೆಯುವ ಹಾಗಿಲ್ಲ ಎಂಬುದು ನೆನಪಿರಲಿ.

ಇಲ್ಲಿಂದ ಹೊರಟರೆ ದಾರಿಯಲ್ಲಿ ಮಂಡಗದ್ದೆಯ ಫಲಕ ಕಾಣುತ್ತದೆ. ನಿಲ್ಲಿಸಬೇಡಿ, ಅದು ನಾಳೆ ಸಂಜೆಗೆ. ಸೀದಾ ತೀರ್ಥಹಳ್ಳಿ, ರೂಮು, ಊಟ, ಒಂದು ಗಳಿಗೆ ವಿಶ್ರಾಂತಿ.

ಮೊದಲ ಸಂಜೆ: ಕವಿಶೈಲ

ಮನೆ ನಾಳೆ. ಇವತ್ತು ಸಂಜೆ ಮನೆಯ ಹಿಂದಿನ ಗುಡ್ಡ ಮಾತ್ರ. ನಾಲ್ಕಕ್ಕೆ ತೀರ್ಥಹಳ್ಳಿ ಬಿಟ್ಟರೆ ಸೂರ್ಯಾಸ್ತಕ್ಕೆ ಮುಂಚೆ ಬೇಕಾದಷ್ಟು ಹೊತ್ತು ಸಿಗುತ್ತದೆ. ವಾಹನ ಗುಡ್ಡದ ಮೇಲಿನ ಹತ್ತಿರದವರೆಗೂ ಹೋಗುತ್ತದೆ, ವಯಸ್ಸಾದವರಿದ್ದರೆ ಹಾಗೇ ಹೋಗಿ. ಕಾಲು ಗಟ್ಟಿ ಇದ್ದವರು ಮನೆಯ ಕಡೆಯಿಂದ ಕಾಲುದಾರಿಯಲ್ಲಿ ಹತ್ತಿ. ಸುತ್ತಲ ಕಾಡು ಕವಿಯ ಹೆಸರಿನಲ್ಲಿ ಜೈವಿಕ ಧಾಮವಾಗಿ ಉಳಿದಿದೆ. ಮಾತು ನಿಲ್ಲಿಸಿ ನಡೆದರೆ ಮಲೆನಾಡಿನ ಶಿಳ್ಳೆಗಾರ ಹಕ್ಕಿಯ ಸಿಳ್ಳು ಕೇಳಬಹುದು. ಮನುಷ್ಯನೇ ಅರೆಮನಸ್ಸಿನಿಂದ ಸಿಳ್ಳೆ ಹಾಕುತ್ತಿದ್ದಾನೆ ಎನಿಸುವಂಥ ದನಿ ಅದು.

ಮೇಲೆ ಬೃಹತ್ ಕಲ್ಲುಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಮೇಲೆ ಅಡ್ಡಗಲ್ಲು ಹೇರಿದ ರಚನೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸ. 1994ರ ನವೆಂಬರ್ 11ರಂದು ತೀರಿಕೊಂಡ ಕುವೆಂಪು ಅವರ ಸಮಾಧಿ ಇಲ್ಲಿದೆ. ಎಲ್ಲರ ಕ್ಯಾಮೆರಾ ಕಂಬಗಳ ಕಡೆಗೇ. ನೀವು ಒಮ್ಮೆ ಬಗ್ಗಿ ಹಾಸುಬಂಡೆಯನ್ನೂ ನೋಡಿ. ಕವಿ ಸ್ನೇಹಿತರನ್ನು, ಗುರುಗಳನ್ನು ಇಲ್ಲಿಗೆ ಕರೆತಂದು ಕೂರುತ್ತಿದ್ದ ಬಂಡೆ ಇದು. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅವರ ಹೆಸರಿನ ಕೆತ್ತನೆ ಕಲ್ಲಿನ ಮೇಲಿದೆ. ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರದ ಅಂಚಿಗೆ ನೆರಳು ಬಿದ್ದು ಓದಲು ಸುಲಭವಾಗುತ್ತದೆ. ನಡುಮಧ್ಯಾಹ್ನ ಬಂದವರಿಗೆ ಅದು ಬರೀ ಬೋಳುಬಂಡೆ. (ಪಕ್ಕದಲ್ಲಿ ತಮ್ಮ ಹೆಸರನ್ನೂ ಕೊರೆಯುವ ಚಪಲ ಕೆಲವರಿಗೆ. ಬೇಡ.)

ಮಳೆ ನಿಂತು ತುಸುಹೊತ್ತಾಗಿದ್ದರೂ ಬಂಡೆಯ ಮೇಲಿನ ಪಾಚಿ ಜಾರುತ್ತದೆ. ಕತ್ತಲಾಗುವ ಮುಂಚೆ ಇಳಿಯಿರಿ, ಟಾರ್ಚ್ ಜೇಬಿನಲ್ಲಿರಲಿ. ಕುವೆಂಪು ಅವರ ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿ ಅವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ, ಬೆಳಕಿದ್ದರೆ ಇವತ್ತೇ, ಇಲ್ಲದಿದ್ದರೆ ನಾಳೆ.

ಇಂಬಳದ ವಿಚಾರ

ಅಕ್ಟೋಬರಿನಲ್ಲೂ ತೇವದ ತರಗೆಲೆಯಲ್ಲಿ ಇಂಬಳ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಸಿಗುವ ಮೊಣಕಾಲುವರೆಗಿನ ಬಟ್ಟೆಯ ಇಂಬಳ-ಸಾಕ್ಸ್ ಒಂದು ಜೊತೆ ಸಾಕು. ಇಲ್ಲವಾದರೆ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಸಾಕ್ಸಿಗೆ ಹೊಗೆಸೊಪ್ಪಿನ ನೀರು ಇಲ್ಲವೇ ಉಪ್ಪುನೀರು ಹಚ್ಚಿ. ಒಂದೇ ಕಡೆ ನಿಂತು ಹರಟಬೇಡಿ, ನಿಂತವರನ್ನೇ ಅದು ಹುಡುಕಿ ಬರುವುದು.

ಕಚ್ಚಿದರೆ ಎಳೆಯಬೇಡಿ. ಎಳೆದರೆ ಬಾಯಿಯ ಭಾಗ ಗಾಯದಲ್ಲಿ ಉಳಿದು ಕೀವಾಗಬಹುದು. ಬಾಯಿಯಿರುವ ತೆಳು ತುದಿಯ ಪಕ್ಕಕ್ಕೆ ಉಗುರನ್ನು ಚರ್ಮಕ್ಕೆ ತಾಗಿಸಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ವಸ್ತು ಇರುವುದೇ ಕಾರಣ, ಗಾಬರಿ ಬೇಡ. ತೊಳೆದು, ಹತ್ತಿ ಒತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಮತ್ತೆ ಮೊದಲಿನಿಂದ ಶುರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಕಾಲುದಾರಿಗೆ ಕರೆದೊಯ್ಯಲೇಬೇಡಿ.

ಎರಡನೇ ಬೆಳಗ್ಗೆ: ಮನೆ

ಒಂದು ತಪ್ಪನ್ನು ಮೊದಲೇ ತಿದ್ದಿಕೊಳ್ಳಿ. ಕುವೆಂಪು ಹುಟ್ಟಿದ್ದು ಈ ಮನೆಯಲ್ಲಲ್ಲ. 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯಲ್ಲಿ. ಆಮೇಲಿನ ಬದುಕು ಬಹುಪಾಲು ಮೈಸೂರಿನಲ್ಲಿ. ಹಾಗಾಗಿ ಕುಪ್ಪಳಿಯನ್ನು ‘ಲೇಖಕನ ಕೋಣೆ’ ಎಂದು ಹುಡುಕಿಕೊಂಡು ಬಂದವರಿಗೆ ನಿರಾಸೆ. ಇದು ಗದ್ದೆ, ತೋಟ, ಆಳುಕಾಳು, ದನಕರು ತುಂಬಿದ ಒಂದು ಒಟ್ಟುಕುಟುಂಬದ ಮನೆ. ಹಾಗೆಂದುಕೊಂಡು ಒಳಗೆ ಹೋದರೆ ಪ್ರತಿ ಕೋಣೆಯೂ ಮಾತಾಡುತ್ತದೆ.

ಒಂಬತ್ತೂವರೆಯ ಹೊತ್ತಿಗೆ ತಲುಪಿ. ಭಾನುವಾರ ಪ್ರವಾಸಿ ಬಸ್ಸುಗಳು ಬರುವುದು ಹನ್ನೊಂದರ ಮೇಲೆ. ಲಗ್ನದ ಕಾಲದಲ್ಲಿ ಕುಪ್ಪಳಿಯಲ್ಲಿ ಮಂತ್ರಮಾಂಗಲ್ಯದ, ಅಂದರೆ ಕುವೆಂಪು ರೂಪಿಸಿದ ಸರಳ ವಿಧಾನದ ಮದುವೆಗಳೂ ನಡೆಯುತ್ತವೆ, ಆ ದಿನ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕಾದೀತು. ಚಪ್ಪಲಿ ಹೊರಗೆ. ದೊಡ್ಡ ಚೀಲ ಕಾರಿನಲ್ಲೇ ಇರಲಿ. ಒಳಗೆ ಫೋಟೊ ಇಲ್ಲ, ಫೋನನ್ನು ಜೇಬಿಗೆ ಹಾಕಿ. 2015ರ ನವೆಂಬರಿನಲ್ಲಿ ಇದೇ ಮನೆಯಿಂದ ಕವಿಯ ಪದ್ಮ ಪ್ರಶಸ್ತಿಯ ಪದಕಗಳು ಕಳವಾಗಿದ್ದವು. ಮೇಲ್ವಿಚಾರಕರು ಹಿಂದೆಯೇ ಬಂದು ನಿಂತರೆ ಬೇಸರಿಸಿಕೊಳ್ಳಬೇಡಿ.

ಹೊರಗೆ ನಿಂತು ಮೊದಲು ಮಾಡು ನೋಡಿ. ಹೆಂಚಿನ ಇಳಿಜಾರು ಕಡಿದಾಗಿದೆ, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಬಂದಿದೆ. ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಅಂಥ ಸೀಮೆಯಲ್ಲಿ ಇರಚಲು ಗೋಡೆಗೆ ಬಡಿಯದಂತೆ ತಡೆಯುವುದೇ ಮನೆ ಕಟ್ಟುವವನ ಮೊದಲ ಚಿಂತೆ.

ಒಳಗೆ ಹೋಗುವ ಕ್ರಮ ಹೀಗಿರಲಿ: ಜಗಲಿ, ನಡುವಿನ ತೆರೆದ ಅಂಗಳ, ಅದರ ಸುತ್ತ ಒಂದು ಪೂರ್ತಿ ಸುತ್ತು, ಅಡುಗೆಮನೆ, ಬಾಣಂತಿ ಕೋಣೆ, ಆಮೇಲೆ ಉಪ್ಪರಿಗೆ. ಹೆಚ್ಚಿನವರು ಒಳಗೆ ಹೊಕ್ಕವರೇ ಮೂರನೇ ಅಂತಸ್ತಿಗೆ ಓಡುತ್ತಾರೆ, ಇಳಿಯುವಾಗ ಕೆಳಗಿನದನ್ನು ನೋಡುವ ಉತ್ಸಾಹ ಇರುವುದಿಲ್ಲ.

ಅಂಗಳದ ಅಂಚಿನಲ್ಲಿ ಹತ್ತು ನಿಮಿಷ ಕೂತುಬಿಡಿ. ಮಲೆನಾಡಿನ ತೊಟ್ಟಿಮನೆಯ ಗುಟ್ಟೆಲ್ಲ ಈ ಚೌಕದಲ್ಲಿದೆ. ಬೆಳಕು, ಗಾಳಿ, ಮಳೆನೀರು ಮೂರೂ ಮೇಲಿನಿಂದಲೇ ಬರಬೇಕು, ಏಕೆಂದರೆ ಹೊರಗೋಡೆಯ ಕಿಟಕಿಗಳು ಚಿಕ್ಕವು. ನಾಲ್ಕೂ ಕಡೆಯ ಮಾಡಿನ ನೀರು ಇಲ್ಲಿಗೇ ಸುರಿದು ಮೋರಿಯಲ್ಲಿ ಹೊರಗೆ ಹೋಗುತ್ತದೆ. ಮಳೆ ಬರುತ್ತಿದ್ದರೆ ನಿಮ್ಮ ಅದೃಷ್ಟ, ನಾಲ್ಕು ಕಡೆಯಿಂದಲೂ ನೀರಿನ ಪರದೆ ಇಳಿಯುವುದನ್ನು ಒಣಗಿದ ಜಾಗದಲ್ಲಿ ಕೂತು ನೋಡಬಹುದು. ಸುತ್ತಲಿನ ಮುಂಡಿಗೆಗಳನ್ನು, ಅಂದರೆ ಮಾಡಿನ ಭಾರ ಹೊತ್ತ ಮರದ ಕಂಬಗಳನ್ನು, ಒಂದೊಂದಾಗಿ ನೋಡಿ. ಕೆತ್ತನೆ ಎಲ್ಲಿ ಹೆಚ್ಚು, ಎಲ್ಲಿ ಬರೀ ಚೌಕ ಎನ್ನುವುದರಿಂದ ನೆಂಟರು ಕೂರುವ ಕಡೆ ಯಾವುದು, ಕೆಲಸದ ಕಡೆ ಯಾವುದು ಎಂದು ಊಹಿಸಬಹುದು.

ಅಡುಗೆಮನೆಯಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ನಿಮಿಷ ಕೊಡಿ. ಮಲೆನಾಡಿನ ಮನೆಯಲ್ಲಿ ಒಲೆಯ ಹೊಗೆ ವ್ಯರ್ಥವಲ್ಲ. ಮೇಲಿನ ಅಟ್ಟದ ಅಡಿಕೆ, ಮೆಣಸು, ಬೀಜದ ಕಾಳು ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಉಳಿಯುವುದು ಆ ಹೊಗೆ-ಕಾವಿನಿಂದಲೇ. ಪಾತ್ರೆ ಪರಡಿ, ಬೇಸಾಯದ ಸಲಕರಣೆಗಳ ಎದುರು ಜೊತೆಗಿರುವ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಮುಂದೆ ಬಿಡಿ. ಫಲಕ ಹೇಳದ್ದನ್ನು ಅವರು ಹೇಳುತ್ತಾರೆ, ಮಕ್ಕಳು ಮೊದಲ ಸಲ ಕಿವಿಗೊಡುತ್ತಾರೆ.

ಕುವೆಂಪು ಅವರ ಮದುವೆಯ ಮಂಟಪವನ್ನೂ ಇಲ್ಲಿ ಕಾಪಾಡಿಟ್ಟಿದ್ದಾರೆ. ಮೇಲಿನ ಅಂತಸ್ತುಗಳಲ್ಲಿ ಛಾಯಾಚಿತ್ರ, ಪುಸ್ತಕ, ಪ್ರಶಸ್ತಿಗಳು. ಬಾಗಿಲುಗಳು ಗಿಡ್ಡ, ತಲೆ ತಗ್ಗಿಸಿ. ಮರದ ಏಣಿಮೆಟ್ಟಿಲು ಕಡಿದು, ಸಾಕ್ಸ್ ಹಾಕಿದ ಕಾಲು ಜಾರುತ್ತದೆ. ಸಾಕ್ಸ್ ಬಿಚ್ಚಿ ಹತ್ತಿ, ಇಳಿಯುವಾಗ ಮುಖ ಮೆಟ್ಟಿಲಿನ ಕಡೆಗಿರಲಿ. ಮಂಡಿನೋವಿನವರು ಕೆಳಗೇ ಉಳಿದರೂ ನಷ್ಟವಿಲ್ಲ, ಮನೆಯ ಸಾರವೆಲ್ಲ ನೆಲಮಟ್ಟದಲ್ಲೇ ಇದೆ.

ಎಲ್ಲಕ್ಕೂ ಎರಡರಿಂದ ಎರಡೂವರೆ ಗಂಟೆ. ಇಲ್ಲಿಗೆ ಬಂದವರಿಗೆ ಆಗುಂಬೆ, ಕುಂದಾದ್ರಿ, ಕವಲೇದುರ್ಗ, ಶೃಂಗೇರಿ ಎಲ್ಲವೂ ‘ಪಕ್ಕದಲ್ಲೇ’ ಇವೆಯಲ್ಲ ಎಂಬ ಆಸೆ ಹುಟ್ಟುತ್ತದೆ. ಅವುಗಳಲ್ಲಿ ಒಂದನ್ನು ಸೇರಿಸಿದರೂ ಹಕ್ಕಿ ತಪ್ಪುತ್ತದೆ.

ಎರಡನೇ ಸಂಜೆ: ಮಂಡಗದ್ದೆ

ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಮೂರೂವರೆಗೆ ಹೊರಡಿ. ಕಡುಬು, ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ ಸಿಕ್ಕರೆ ಬಿಡಬೇಡಿ. ಮಂಡಗದ್ದೆ ಇಲ್ಲಿಂದಲೂ ಶಿವಮೊಗ್ಗದಿಂದಲೂ ಸುಮಾರು 30 ಕಿ.ಮೀ., ನಡುದಾರಿ. ನಾಲ್ಕೂವರೆಯಿಂದ ಆರರವರೆಗೆ ಗೋಪುರದ ಮೇಲಿರಿ. ದಿನವಿಡೀ ಗದ್ದೆ, ಹಿನ್ನೀರು ತಿರುಗಿ ಮೇವು ಹುಡುಕಿದ ಹಕ್ಕಿಗಳು ಗುಂಪುಗುಂಪಾಗಿ ಮರಳುವುದು ಆಗಲೇ.

ದುರ್ಬೀನು 8×42 (ಎಂಟು ಪಟ್ಟು ಹತ್ತಿರ ತೋರಿಸುವಂಥದ್ದು) ಆದರೆ ಸಾಕು. 10×50 ಕೈಯಲ್ಲಿ ನಡುಗುತ್ತದೆ, ಕಂಬಿಗೆ ಮೊಣಕೈ ಊರಿದರೆ ಮಾತ್ರ ಪ್ರಯೋಜನ. ಬಿಳಿ, ಕೆಂಪು, ಹಳದಿ ಬಟ್ಟೆ ಬೇಡ. ಸದ್ದು ಮಾಡಬೇಡಿ, ಡ್ರೋನ್ ಹಾರಿಸಬೇಡಿ. ಗೂಡಿನ ಮೇಲಿನ ತಾಯಿ ಬೆದರಿ ಎದ್ದ ಕ್ಷಣಕ್ಕೇ ಕಾಗೆ ಮೊಟ್ಟೆ ಹೊತ್ತೊಯ್ಯುತ್ತದೆ.

ಮುಖ್ಯವಾಗಿ ಮೂರು ಬಗೆ. ಬಿಳಿಯವು ಬೆಳ್ಳಕ್ಕಿ. ಇಲ್ಲಿ ಹೆಚ್ಚಾಗಿ ಮಧ್ಯಮ ಗಾತ್ರದ್ದು. ಗೂಡಿನ ಕಾಲದಲ್ಲಿ ಅದರ ಕೊಕ್ಕು ಹಳದಿ ಬಿಟ್ಟು ಕಪ್ಪಾಗುತ್ತದೆ, ಹೀಗಾಗಿ ಕಪ್ಪು ಕೊಕ್ಕು ಕಂಡ ಮಾತ್ರಕ್ಕೆ ಸಣ್ಣ ಬೆಳ್ಳಕ್ಕಿ ಎಂದು ಬರೆದುಕೊಳ್ಳಬೇಡಿ. ಪಾದ ನೋಡಿ: ಕಾಲ್ಬೆರಳು ಹಳದಿಯಾಗಿದ್ದರೆ ಸಣ್ಣದು, ಕಪ್ಪಾಗಿದ್ದರೆ ಮಧ್ಯಮ. ಕಪ್ಪು ಹಕ್ಕಿಗಳಲ್ಲಿ ನೀರುಕಾಗೆಯ ಕೊಕ್ಕಿನ ತುದಿ ಕೊಂಡಿಯಂತೆ ಬಾಗಿರುತ್ತದೆ. ಹಾವಕ್ಕಿಯದು ಭರ್ಜಿಯಂತೆ ನೇರ, ಮೀನನ್ನು ಇರಿದೇ ಹಿಡಿಯುತ್ತದೆ. ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಹಾವಿನಂತೆ ಮೇಲೆ. ಈ ಎರಡೂ ಹಕ್ಕಿಗಳು ರೆಕ್ಕೆ ಹರಡಿಕೊಂಡು ಕೂರುವುದು ಒಣಗಿಸಿಕೊಳ್ಳಲು. ಗರಿ ನೆನೆಯುವುದರಿಂದಲೇ ಅವು ಸಲೀಸಾಗಿ ಮುಳುಗಬಲ್ಲವು, ಅದಕ್ಕೆ ತೆರುವ ಬೆಲೆ ಈ ಒಣಗಿಸುವ ಕೆಲಸ.

ನದಿಗಿಳಿಯುವ ಸಾಹಸ ಬೇಡ. ಮೇಲೆ ಶಾಂತವಾಗಿ ಕಂಡರೂ ನಡುಗಡ್ಡೆಯ ಎರಡೂ ಬದಿಯಲ್ಲಿ ಸೆಳವು ಜೋರಾಗಿರುತ್ತದೆ. ಕತ್ತಲಾಗುವ ಮೊದಲು ಹೊರಟರೆ ಶಿವಮೊಗ್ಗದಲ್ಲಿ ಊಟ ಮಾಡಿ ರಾತ್ರಿ ರೈಲು ಹಿಡಿಯಲು ಧಾರಾಳ ಹೊತ್ತು.

ಬೆಂಗಳೂರಿಗೆ ಬಂದ ಮೇಲೆ

ನಾವು ಬೇಡವೆಂದರೂ ಡಿಸೆಂಬರಿನಿಂದ ಮೇ ನಡುವೆ ಹೋಗುವವರಿದ್ದರೆ ಇದನ್ನು ಓದಲೇಬೇಕು. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ, ಕಾಡಿನ ಉಣ್ಣೆ ಕಚ್ಚಿ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಕಂಡುಬಂದಿದೆ. ತುಂಬುತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಕೂರಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಸ್ಥಳೀಯರು ಕಾಡಿಗೆ ಹೋಗುವಾಗ ಹಚ್ಚಿಕೊಳ್ಳುತ್ತಾರೆ, ಸಿಕ್ಕರೆ ನೀವೂ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿನ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ. ರೂಮಿಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಗೆ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ. ಮೊಣಕಾಲ ಹಿಂಭಾಗ, ಕಂಕುಳು, ಸೊಂಟದ ಪಟ್ಟಿ, ಮಕ್ಕಳ ಕಿವಿಯ ಹಿಂದೆ ನೋಡಿ. ಉಣ್ಣೆ ಎಳ್ಳಿಗಿಂತ ಸಣ್ಣದಿರಬಹುದು.

ಮರಳಿದ ಮೇಲಿನ ಒಂದೆರಡು ವಾರದಲ್ಲಿ ಏಕಾಏಕಿ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯಬೇಡಿ. ಬೆಂಗಳೂರಿನ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ. ‘ತೀರ್ಥಹಳ್ಳಿ ಕಡೆ ಕಾಡಿಗೆ ಹೋಗಿದ್ದೆವು, ಇಂಥ ತಾರೀಕು’ ಎಂದು ಬಾಯಿಬಿಟ್ಟು ಹೇಳಿ.